ಗಬ್ಬರ್ ಸತ್ತನೋ, ಸಿಕ್ಕಿಬಿದ್ದನೋ? ರಾಮನಗರದ ‘ಶೋಲೆ’ಗೆ ಎರಡು ಕೊನೆ

ಬ್ಯಾಡಗಿ ಮಾರ್ಕೆಟ್ಟಿನ ಹೊರಗಿನ ಚಾದಂಗಡಿಯಲ್ಲಿ ಮೊನ್ನೆ ಒಂದು ವಾದ ಜೋರಾಗಿತ್ತು. ಮೆಣಸಿನಕಾಯಿ ದರದ್ದಲ್ಲ, ರಾಜಕೀಯದ್ದೂ ಅಲ್ಲ, ‘ಶೋಲೆ’ ಸಿನಿಮಾದ್ದು. ದರದ ಸುದ್ದಿ ಮಾಡಲು ಹೋಗಿದ್ದ ನಾವು ಚಾ ಆರುವ ತನಕ ಅಲ್ಲೇ ಕೂತುಬಿಟ್ಟೆವು.

“ಕೊನಿಗೆ ಪೊಲೀಸ್ರು ಬರ್ತಾರ. ಠಾಕೂರನ್ನ ತಡೀತಾರ. ಗಬ್ಬರನ್ನ ಹಿಡಕೊಂಡು ಹೋಗ್ತಾರ. ನಾ ಟಾಕೀಸಿನ್ಯಾಗ ನೋಡೇನಿ,” ಎಂದರು ಅರವತ್ತು ದಾಟಿದ ಹಿರಿಯರೊಬ್ಬರು.

“ಇಲ್ಲ ಕಾಕಾ, ಠಾಕೂರ ಅವನ್ನ ತುಳದು ಕೊಂದ ಬಿಡ್ತಾನ. ನಾ ಮೊಬೈಲಿನ್ಯಾಗ ನೋಡೇನಿ,” ಎಂದ ಲಾರಿಗೆ ಚೀಲ ಹೇರುವ ಹುಡುಗ.

“ಏ ತಮ್ಮಾ, ನೀ ಹುಟ್ಟೂಕಿಂತ ಮೊದ್ಲ ಮೂರು ಸಲ ನೋಡೇನಿ. ನನಗ ಹೇಳಾಕ ಬರ್ತಿ ಏನ?”

ಚಾದಂಗಡಿಯವರು ನಮ್ಮ ಕಡೆ ಕೈ ಮಾಡಿದರು: “ಪೇಪರಿನವರು ಅದಾರಲ್ಲ, ಅವರನ್ನ ಕೇಳ್ರಿ.” ನಮಗೂ ಆ ಹೊತ್ತಿಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಓದಿ, ನೋಡಿ ತಿಳಿದುಕೊಂಡೆವು. ಇಬ್ಬರು ಹೇಳಿದ್ದೂ ಖರೆ. ಆ ಸಿನಿಮಾಗೆ ಎರಡು ಕೊನೆ ಇವೆ. ಒಂದನ್ನು ನಿರ್ದೇಶಕರು ಮನಸ್ಸಿಟ್ಟು ತೆಗೆದಿದ್ದರು, ಇನ್ನೊಂದನ್ನು ಸೆನ್ಸಾರಿನವರು ತೆಗೆಸಿದ್ದರು. ಐವತ್ತು ವರ್ಷದ ಆ ಕಥೆ ನಮ್ಮ ಕರ್ನಾಟಕದ ನೆಲದಲ್ಲೇ ಶುರುವಾಗುತ್ತದೆ.

ಕುದುರೆ, ಬಂದೂಕು, ಸೇಡು

ಅಮೆರಿಕದಲ್ಲಿ ‘ವೆಸ್ಟರ್ನ್’ ಎಂಬ ಒಂದು ಬಗೆಯ ಸಿನಿಮಾಗಳಿದ್ದವು. ಬಯಲು ಸೀಮೆ, ಕುದುರೆ ಸವಾರರು, ಕಾನೂನು ಇನ್ನೂ ಕಾಲಿಡದ ಊರು. ಹಳೆಯ ವೆಸ್ಟರ್ನ್‌ಗಳ ಲೆಕ್ಕ ಸರಳ. ಕೆಟ್ಟವನು ಬರುತ್ತಾನೆ, ಒಳ್ಳೆಯವನು ಬಂದೂಕು ಎತ್ತುತ್ತಾನೆ, ಊರು ಉಳಿಯುತ್ತದೆ.

1960ರ ದಶಕದಲ್ಲಿ ಈ ಲೆಕ್ಕವನ್ನೇ ಪ್ರಶ್ನಿಸುವ ಚಿತ್ರಗಳು ಬಂದವು. ನ್ಯಾಯ ಕೊಡಿಸಲು ಬಂದವನ ಕೈಗೂ ರಕ್ತ ಹತ್ತುವುದಿಲ್ಲವೇ? ಸೇಡು ತೀರಿದ ಮೇಲೆ ಆ ಮನುಷ್ಯನಿಗೆ ಉಳಿಯುವುದೇನು? ಇಟಲಿಯ ಸೆರ್ಜಿಯೊ ಲಿಯೋನೆ 1968ರಲ್ಲಿ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ತೆಗೆದರು. ಅಮೆರಿಕದ ಸ್ಯಾಮ್ ಪೆಕಿನ್‌ಪಾ 1969ರಲ್ಲಿ ‘ದ ವೈಲ್ಡ್ ಬಂಚ್’ ತೆಗೆದರು. ಇವರಿಗೂ ಮೊದಲು ಜಪಾನಿನ ಅಕಿರಾ ಕುರೊಸಾವಾ 1954ರಲ್ಲಿ ‘ಸೆವೆನ್ ಸಮುರಾಯ್’ ಮಾಡಿದ್ದರು. ದರೋಡೆಕೋರರ ಕಾಟಕ್ಕೆ ಬೇಸತ್ತ ರೈತರು ಕತ್ತಿವೀರರನ್ನು ಕರೆತರುವ ಕಥೆ ಅದು. ಹಾಲಿವುಡ್ಡು 1960ರಲ್ಲಿ ಅದನ್ನೇ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಎಂಬ ವೆಸ್ಟರ್ನ್ ಮಾಡಿತು.

ಈ ಗಾಳಿ ಕನ್ನಡಕ್ಕೂ ಬೀಸಿತು. ಗಿರೀಶ ಕಾರ್ನಾಡರು ಕುರೊಸಾವಾ ಚಿತ್ರಗಳಿಂದ ಪ್ರೇರಣೆ ಪಡೆದು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಶಂಕರ್ ನಾಗ್ ಅವರಿಗೆ ಅದು ಮೊದಲ ಚಿತ್ರ. ಕೂಲಿಗಾಗಿ ಕತ್ತಿ ಹಿಡಿದ ಇಬ್ಬರು ವೀರರು, ತಮ್ಮನ್ನು ದುಡಿಸಿಕೊಂಡ ಒಡೆಯರ ಬಣ್ಣ ಬಯಲಾದಾಗ ಏನು ಮಾಡುತ್ತಾರೆ ಎಂಬುದೇ ಅದರ ಕಥೆ.

ಹಿಂದಿಯಲ್ಲಿ ಸಲೀಂ–ಜಾವೇದ್ ಜೋಡಿ ಇಂಥ ಚಿತ್ರಗಳನ್ನೆಲ್ಲ ಅರಗಿಸಿಕೊಂಡು ‘ಶೋಲೆ’ ಬರೆದರು. ಅದರ ನಾಯಕನ ಸ್ಥಿತಿ ನೋಡಿ. ಠಾಕೂರ್ ಬಲದೇವ್ ಸಿಂಗ್ ಪೊಲೀಸ್ ಅಧಿಕಾರಿಯಾಗಿದ್ದವನು. ಡಕಾಯಿತ ಗಬ್ಬರ್ ಸಿಂಗ್ ಅವನ ಮನೆಯವರನ್ನು ಕೊಂದು, ಅವನ ಎರಡೂ ಕೈ ಕಡಿಯುತ್ತಾನೆ. ಕಾನೂನು ಕಾಯುತ್ತಿದ್ದ ಇದೇ ಮನುಷ್ಯ ಈಗ ಸೇಡಿಗಾಗಿ ಇಬ್ಬರು ಕಳ್ಳರನ್ನು ಕೂಲಿಗೆ ತರುತ್ತಾನೆ. ಹೊಸ ವೆಸ್ಟರ್ನ್‌ಗಳ ಪ್ರಶ್ನೆ ಇಲ್ಲೂ ಬಂತು.

ರಾಮನಗರದ ಬಂಡೆಗಳು

ಕಥೆ ಉತ್ತರ ಭಾರತದ್ದು. ಗಬ್ಬರ್ ಸಿಂಗ್ ಎಂಬ ಡಕಾಯಿತ 1950ರ ದಶಕದಲ್ಲಿ ಚಂಬಲ್ ಕಡೆ ನಿಜವಾಗಿಯೂ ಇದ್ದ. ಆದರೆ ನಿರ್ದೇಶಕ ರಮೇಶ್ ಸಿಪ್ಪಿ ಅವರಿಗೆ ಚಂಬಲ್ಲಿನ ಕಣಿವೆ ಬೇಡವಾಗಿತ್ತು. ಅದು ಆಗಲೇ ಹತ್ತಾರು ಸಿನಿಮಾಗಳಲ್ಲಿ ಬಂದುಹೋಗಿತ್ತು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಹುಡುಕಿ ತೋರಿಸಿದ್ದು ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ರಾಮನಗರವನ್ನು. ನಮಗೆಲ್ಲ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಗೊತ್ತಿರುವ ಊರು.

1973ರ ಅಕ್ಟೋಬರಿನಲ್ಲಿ ಅಲ್ಲಿ ಚಿತ್ರೀಕರಣ ಶುರುವಾಯಿತು. ಬಂಡೆಗಳ ನಡುವೆ ‘ರಾಮಗಢ’ ಎಂಬ ಇಡೀ ಹಳ್ಳಿಯನ್ನೇ ಕಟ್ಟಿದರು. ಹೆದ್ದಾರಿಯಿಂದ ಸೆಟ್ಟಿಗೆ ರಸ್ತೆ ಮಾಡಿಸಿದರು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು ಬೆಳಕಿಗಾಗಿ ದಿನಗಟ್ಟಲೆ ಕಾಯುತ್ತಿದ್ದರಂತೆ. ರೈಲು ದರೋಡೆಯ ದೃಶ್ಯಗಳನ್ನು ಮಾತ್ರ ಮುಂಬೈ–ಪುಣೆ ಮಾರ್ಗದ ಪನ್ವೇಲ್ ಬಳಿ ತೆಗೆದರು. ಇಡೀ ಕೆಲಸ ಮುಗಿಯಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಸೆಟ್ಟು ಹೋದರೂ ರಾಮನಗರದಲ್ಲಿ ‘ಸಿಪ್ಪಿ ನಗರ’ ಎಂಬ ಹೆಸರು ಉಳಿಯಿತು.

ಚಿತ್ರೀಕರಿಸಿದ್ದು 35 ಎಂ.ಎಂ. ರೀಲಿನಲ್ಲಿ. ದೊಡ್ಡ ಪರದೆಗೆಂದು ಅದನ್ನು ಲಂಡನ್ನಿನಲ್ಲಿ 70 ಎಂ.ಎಂ.ಗೆ ಹಿಗ್ಗಿಸಿದರು. ಅಂಥ ಪರದೆ ಇದ್ದದ್ದು ದೊಡ್ಡ ಶಹರಗಳ ಕೆಲವೇ ಟಾಕೀಸುಗಳಲ್ಲಿ. ಉಳಿದವರು ನೋಡಿದ್ದು ಸಣ್ಣ ಪರದೆಯ ಪ್ರತಿ.

ಕೊನೆ ಬದಲಾಯಿತು

ನಿರ್ದೇಶಕರು ಮೊದಲು ತೆಗೆದ ಕೊನೆ ಹೀಗಿತ್ತು. ಠಾಕೂರನಿಗೆ ಕೈ ಇಲ್ಲ. ಮನೆಯ ಆಳು ರಾಮಲಾಲ್ ಅವನ ಬೂಟಿಗೆ ಮೊಳೆ ಹೊಡೆದು ಕೊಡುತ್ತಾನೆ. ಕೊನೆಯ ಕಾಳಗದಲ್ಲಿ ಠಾಕೂರ್ ಆ ಬೂಟಿನಿಂದಲೇ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ. ಆಮೇಲೆ ಕುಸಿದು ಅಳುತ್ತಾನೆ.

1975ರ ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಚಿತ್ರ ಬಿಡುಗಡೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನು ಕೈಗೆ ತೆಗೆದುಕೊಂಡು ಕೊಲ್ಲುವುದನ್ನು ತೋರಿಸಬಾರದು ಎಂದು ಸೆನ್ಸಾರ್ ಮಂಡಳಿ ಪಟ್ಟು ಹಿಡಿಯಿತು. ಆ ಕಾಲದಲ್ಲಿ ಎದುರು ಮಾತಾಡುವ ಹಾಗಿರಲಿಲ್ಲ. ಸೋವಿಯತ್ ದೇಶಕ್ಕೆ ಹೋಗಿದ್ದ ಸಂಜೀವ್ ಕುಮಾರ್ ಅವರನ್ನು ವಾಪಸು ಕರೆಸಿ ಹೊಸ ಕೊನೆ ತೆಗೆದರು. ಠಾಕೂರ್ ಇನ್ನೇನು ಕೊಲ್ಲಬೇಕು, ಆಗ ಪೊಲೀಸರು ಬರುತ್ತಾರೆ, ಕಾನೂನಿನ ಮಾತು ಹೇಳುತ್ತಾರೆ, ಅವನು ಕಾಲು ಹಿಂದೆ ತೆಗೆಯುತ್ತಾನೆ.

ಮೊಳೆಯ ಬೂಟಿನ ದೃಶ್ಯಕ್ಕೂ ಕತ್ತರಿ ಬಿತ್ತು. ಇಮಾಮ್ ಸಾಹೇಬರ ಮಗ ಅಹ್ಮದ್‌ನನ್ನು ಗಬ್ಬರ್ ಕೊಲ್ಲುವ ದೃಶ್ಯವೂ ಹೋಯಿತು. ನಮಗೆ ಕಂಡದ್ದು ಗಬ್ಬರ್ ತನ್ನ ಕೈಮೇಲಿನ ಇರುವೆಯನ್ನು ಹೊಸಕುವುದು, ನಂತರ ಕುದುರೆಯ ಮೇಲೆ ಊರಿಗೆ ಬರುವ ಹೆಣ.

1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಮೊದಲ ದಿನಗಳಲ್ಲಿ ಸೋತಿತು ಎಂದೇ ಎಲ್ಲರೂ ಬರೆದರು. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಮುಂಬೈನ ಮಿನರ್ವಾ ಟಾಕೀಸಿನಲ್ಲಿ ಐದು ವರ್ಷ ಓಡಿತು.

ಟೆಂಟಿನಿಂದ ಕ್ಯಾಸೆಟ್ಟಿಗೆ

ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ನಮ್ಮ ಜಿಲ್ಲೆ ಆದದ್ದು 1997ರಲ್ಲಿ. ಹೊಸ ಸಿನಿಮಾಗಳು ಮೊದಲು ಹುಬ್ಬಳ್ಳಿಗೆ, ದಾವಣಗೆರೆಗೆ ಬಂದು, ಸವೆದ ರೀಲಿನಲ್ಲಿ ನಮ್ಮ ಪಟ್ಟಣಗಳಿಗೆ, ಅಲ್ಲಿಂದ ಟೂರಿಂಗ್ ಟಾಕೀಸಿನ ಟೆಂಟಿಗೆ ಬರುತ್ತಿದ್ದವು. ಮುಂದೆ ನೆಲದ ಮೇಲೆ ಒಂದು ದರ, ಹಿಂದೆ ಬೆಂಚಿಗೆ ಒಂದು ದರ. ಚಾದಂಗಡಿಯ ಕಾಕಾ ನೋಡಿದ್ದು ಆ ಪ್ರತಿಯನ್ನು. ಅದರಲ್ಲಿ ಪೊಲೀಸರು ಬಂದೇ ಬರುತ್ತಾರೆ. ‘ಶೋಲೆ’ಯ ಮಾತುಗಳನ್ನೇ ಧ್ವನಿಮುದ್ರಿಸಿ ಮಾರಿದ್ದರಿಂದ ಹಿಂದಿ ಬಾರದ ನಮ್ಮ ಹಿರಿಯರಿಗೂ ಗಬ್ಬರನ ಮಾತು ಬಾಯಿಪಾಠವಾಯಿತು.

ಮುಂದೆ ವಿಡಿಯೋ ಬಂತು. ಗಣಪತಿ ಹಬ್ಬಕ್ಕೆ ಬಾಡಿಗೆ ಕಲರ್ ಟಿ.ವಿ., ವಿ.ಸಿ.ಆರ್. ತಂದು ಅಗಸಿಯ ಮುಂದೆ ಇಟ್ಟರೆ ರಾತ್ರಿಯಿಡೀ ಮೂರು ಸಿನಿಮಾ. ನಮ್ಮ ಬಾಲ್ಯದ ಸಿನಿಮಾ ಎಂದರೆ ಅದೇ. ವಿ.ಸಿ.ಆರ್. ತರುತ್ತಿದ್ದವರ ಹತ್ತಿರ ಕ್ಯಾಮೆರಾ ಕೂಡ ಇತ್ತು. ಮದುವೆ, ಜಾತ್ರೆ, ದೊಡ್ಡಾಟ ಎಲ್ಲವನ್ನೂ ಅವರೇ ಕ್ಯಾಸೆಟ್ಟಿಗೆ ಹಿಡಿಯುತ್ತಿದ್ದರು.

ಈ ಕ್ಯಾಸೆಟ್ಟಿನ ಕಾಲದಲ್ಲೇ ‘ಶೋಲೆ’ಯ ಮೊದಲಿನ ಕೊನೆ ಹೊರಬಿತ್ತು. 1990ರಲ್ಲಿ ಬ್ರಿಟನ್ನಿನಲ್ಲಿ ಬಂದ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಠಾಕೂರ್ ಗಬ್ಬರನನ್ನು ಕೊಂದೇಬಿಡುತ್ತಾನೆ. ಭಾರತದ ಸೆನ್ಸಾರ್ ಮುಚ್ಚಿಟ್ಟದ್ದನ್ನು ಹದಿನೈದು ವರ್ಷದ ನಂತರ ಬೇರೆ ದೇಶದಲ್ಲಿದ್ದವರು ಮನೆಯ ಟಿ.ವಿ.ಯಲ್ಲಿ ನೋಡಿದರು. ಆಮೇಲೆ ಡಿ.ವಿ.ಡಿ. ಬಂತು, ಅದರಿಂದ ಮೊಬೈಲಿಗೆ ಬಂತು. ಚೀಲ ಹೇರುವ ಹುಡುಗ ನೋಡಿದ್ದು ಅದನ್ನೇ. ಆದರೆ ಆ ಪ್ರತಿಗಳ ಚಿತ್ರ ಮಸುಕು, ಬಣ್ಣ ಮಾಸಿದ್ದು.

ಬಿತ್ತನೆ ಬೀಜ

ಸಿನಿಮಾದ ನೆಗೆಟಿವ್ ಎಂದರೆ ರೈತರು ತೆಗೆದಿಡುವ ಬಿತ್ತನೆ ಬೀಜ ಇದ್ದ ಹಾಗೆ. ಟಾಕೀಸಿಗೆ ಹೋಗುವ ಪ್ರಿಂಟುಗಳೆಲ್ಲ ಅದರಿಂದ ಬಂದ ಬೆಳೆ. ಬೆಳೆ ಹಾಳಾದರೆ ಮತ್ತೆ ಬಿತ್ತಬಹುದು. ಬೀಜಕ್ಕೇ ಹುಳ ಹತ್ತಿದರೆ?

‘ಶೋಲೆ’ಗೆ ಆದದ್ದು ಅದೇ. ಮೂಲ ನೆಗೆಟಿವ್ ತೀರಾ ಹಾಳಾಗಿತ್ತು. 70 ಎಂ.ಎಂ. ಪ್ರಿಂಟುಗಳು ಉಳಿದಿರಲಿಲ್ಲ. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಯು ಸಿಪ್ಪಿ ಫಿಲ್ಮ್ಸ್ ಜೊತೆ ಸೇರಿ ಹುಡುಕಾಟ ನಡೆಸಿತು. ನೆಗೆಟಿವ್‌ನಿಂದ ನೇರವಾಗಿ ತೆಗೆದಿದ್ದ ಹಳೆಯ ಪ್ರತಿಗಳು ಬ್ರಿಟನ್ನಿನ ಗೋದಾಮೊಂದರಲ್ಲಿ ಸಿಕ್ಕವು. ಕತ್ತರಿ ಬಿದ್ದಿದ್ದ ದೃಶ್ಯಗಳೂ ಮೊದಲಿನ ಕೊನೆಯೂ ದೊರೆತವು.

ಕೆಲಸ ನಡೆದದ್ದು ಇಟಲಿಯ ಬೊಲೊನ್ಯಾ ಶಹರದ ‘ಲಿಮ್ಮಾಜಿನೆ ರಿತ್ರೊವಾತಾ’ ಎಂಬ ಪ್ರಯೋಗಾಲಯದಲ್ಲಿ. ರೀಲಿನಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. ಸುಮಾರು ಮೂರೂವರೆ ತಾಸಿನ ಸಿನಿಮಾಗೆ ಲೆಕ್ಕ ಹಾಕಿ, 3 ಲಕ್ಷದ ಆಸುಪಾಸು ಆಗುತ್ತದೆ. ಪ್ರತಿ ಚಿತ್ರವನ್ನೂ ಸ್ಕ್ಯಾನ್ ಮಾಡಿ, ಗೀರು ಅಳಿಸಿ, ಧೂಳು ತೆಗೆದು, ಬಣ್ಣ ಸರಿ ಮಾಡಬೇಕು. ಇದಕ್ಕೆ ವರ್ಷಗಳೇ ಬೇಕಾದವು. 2025ರ ಜೂನ್ 27ರ ರಾತ್ರಿ ಬೊಲೊನ್ಯಾದ ದೊಡ್ಡ ಚೌಕದಲ್ಲಿ, ತೆರೆದ ಆಕಾಶದ ಕೆಳಗೆ ಜನ ಕೂತು ನಮ್ಮ ರಾಮನಗರದ ಬಂಡೆಗಳನ್ನು ನೋಡಿದರು. ಆ ವರ್ಷದ ಡಿಸೆಂಬರಿನಲ್ಲಿ ಇದೇ ಪ್ರತಿ ಭಾರತದ ಟಾಕೀಸುಗಳಿಗೆ ಬಂತು. ವೀರು ಪಾತ್ರದ ಧರ್ಮೇಂದ್ರ ನವೆಂಬರ್ 24ರಂದೇ ತೀರಿಕೊಂಡಿದ್ದರು.

ಈ ಪ್ರತಿ ನೋಡಿದ ಮೇಲೆ ನಮಗೆ ಅನಿಸಿದ್ದು ಒಂದು. ಕೊಲೆ ತೋರಿಸಿದರೆ ಜನರಿಗೆ ಕೆಟ್ಟ ಪಾಠ ಎಂದು ಸೆನ್ಸಾರ್ ಹೆದರಿತ್ತು. ಆದರೆ ಪೊಲೀಸರು ಬರುವ ಕೊನೆಯಲ್ಲಿ ಠಾಕೂರ್ ಗೆದ್ದವನಾಗಿ ನಿಲ್ಲುತ್ತಾನೆ, ನಾವು ಸಿಳ್ಳೆ ಹೊಡೆದು ಮನೆಗೆ ಹೋಗುತ್ತೇವೆ. ಕೊಲ್ಲುವ ಕೊನೆಯಲ್ಲಿ ಸಿಳ್ಳೆ ಹೊಡೆಯಲು ಆಗುವುದಿಲ್ಲ. ಸತ್ತ ಮಕ್ಕಳು ಬರಲಿಲ್ಲ, ಹೋದ ಕೈ ಬರಲಿಲ್ಲ, ಗಬ್ಬರ್ ಸತ್ತರೂ ಮನುಷ್ಯ ಬಿಕ್ಕಿ ಬಿಕ್ಕಿ ಅಳುತ್ತಾನೆ. ಸೇಡು ಬೇಡ ಎಂಬ ಮಾತನ್ನು ಇದಕ್ಕಿಂತ ಗಟ್ಟಿಯಾಗಿ ಹೇಗೆ ಹೇಳಬೇಕು? ಸರ್ಕಾರ ಕತ್ತರಿಸಿದ್ದು ಆ ಅಳುವನ್ನು.

ನಮ್ಮ ಬೀಜ ಎಲ್ಲಿದೆ?

‘ಶೋಲೆ’ಗೆ ಹೆಸರಿತ್ತು, ಹುಡುಕುವವರಿದ್ದರು. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಇವತ್ತು ಇಲ್ಲ. ಅದೇ ಗಿರೀಶ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ದ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಹಾಗಾಗಿ ಅದನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಆಯಿತು. ಒಂದನ್ನು ಯಾರೋ ಎತ್ತಿಟ್ಟರು, ಇನ್ನೊಂದನ್ನು ಯಾರೂ ಎತ್ತಿಡಲಿಲ್ಲ.

ಇದನ್ನೆಲ್ಲ ಓದುತ್ತಿದ್ದಾಗ ನಮಗೆ ಮನೆಯ ಅಟ್ಟದ ಮೇಲಿನ ಒಂದು ಕ್ಯಾಸೆಟ್ ನೆನಪಾಯಿತು. ನಮ್ಮಜ್ಜ ಊರ ಜಾತ್ರೆಯಲ್ಲಿ ದೊಡ್ಡಾಟದ ವೇಷ ಕಟ್ಟಿದ್ದರು. ಆ ವಿ.ಸಿ.ಆರ್. ಅಣ್ಣನೇ ಇಡೀ ರಾತ್ರಿಯ ಆಟ ಹಿಡಿದಿದ್ದ. ಅಜ್ಜ ಹೋಗಿ ಇಪ್ಪತ್ತು ವರ್ಷವಾಯಿತು. ಡಬ್ಬಿ ತೆಗೆದರೆ ಟೇಪಿನ ತುಂಬ ಬಿಳಿ ಬೂಸ್ಟು. ಹುಬ್ಬಳ್ಳಿಯ ಸ್ಟುಡಿಯೋ ಒಂದರಲ್ಲಿ ಸ್ವಚ್ಛ ಮಾಡಿಸಿದೆವು. ಉಳಿದದ್ದು ಹನ್ನೊಂದು ನಿಮಿಷ. ಅದರಲ್ಲಿ ಅಜ್ಜನ ಮುಖ ಸ್ಪಷ್ಟ ಕಾಣುವುದು ಒಂದೆರಡು ಸಲ. ಧ್ವನಿ ಮಾತ್ರ ಪೂರಾ ಇದೆ. ಅವ್ವ ಅದನ್ನು ಕೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಇನ್ನೊಮ್ಮೆ ಹಾಕ,” ಅಂದಳು. ಐದು ವರ್ಷ ಮೊದಲೇ ಡಬ್ಬಿ ತೆಗೆದಿದ್ದರೆ ಇನ್ನಷ್ಟು ಉಳಿಯುತ್ತಿತ್ತು. ಆ ತಪ್ಪು ನಮ್ಮದೇ.

ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇರಬಹುದು. ಮದುವೆಯದ್ದು, ನಾಟಕದ್ದು, ಈಗ ಇಲ್ಲದ ಮಂದಿಯದ್ದು. ಬೂಸ್ಟು ಕಂಡರೆ ಹಾಗೇ ಯಂತ್ರಕ್ಕೆ ಹಾಕಬೇಡಿ, ಟೇಪೂ ಹೋಗುತ್ತದೆ, ಯಂತ್ರವೂ ಹೋಗುತ್ತದೆ. ಬಿಸಿಲು, ತೇವ ತಾಗದ ಕಡೆ ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಸಾಧ್ಯವಾದಷ್ಟು ಬೇಗ ಡಿಜಿಟಲ್ ಪ್ರತಿ ಮಾಡಿಸಿ, ಎರಡು ಕಡೆ ಇಡಿ. ಪ್ರತಿ ಆಯಿತೆಂದು ಮೂಲವನ್ನು ಬಿಸಾಡಬೇಡಿ.

ಹೋದ ವಾರ ಮತ್ತೆ ಬ್ಯಾಡಗಿಗೆ ಹೋಗಿದ್ದೆವು. ಅದೇ ಚಾದಂಗಡಿಯಲ್ಲಿ ಕಾಕಾ ಸಿಕ್ಕರು. ಎರಡು ಕೊನೆಯ ಕಥೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಕೊಂದ ಮ್ಯಾಲೆ ಅಳ್ತಾನ? ಖರೇನ? ಹಂಗಾದ್ರ ಅದನ್ನ ನಾ ನೋಡಬೇಕ್ರಿ.”