ಜಾತ್ರೆಯ ಕುದುರೆ ಗಾಡಿ ಶರ್ಯತ್ತು: ಕಂಬಳಕ್ಕೆ ಸಿಕ್ಕ ರಕ್ಷಣೆ ಕುದುರೆಗೆ ಇದೆಯಾ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಜಾತ್ರೆ ಬಂತಂದ್ರೆ ಕುದುರೆ ಗಾಡಿ ಶರ್ಯತ್ತೂ ಬಂತು. ‘ಕಂಬಳ ಕೇಸು ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದಾಯ್ತು, ಇನ್ನು ನಮಗೇನು ತೊಂದ್ರೆ?’ ಅನ್ನೋ ಕುದುರೆ ಮಾಲೀಕರಿಗೆ ಒಂದು ವಿಷಯ ಗೊತ್ತಿರಬೇಕು. ಆ ಕಾಯ್ದೆಯ ರಕ್ಷಣೆ ಕುದುರೆಗೆ ಇಲ್ಲ.

ಕಂಬಳದ ಕಾಯ್ದೆ ಯಾರಿಗೆ?

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿತ್ತು. ಪ್ರಾಣಿ ಹಕ್ಕು ಸಂಘಟನೆ ಪೆಟಾ ಅರ್ಜಿ ಹಾಕಿದ್ದರಿಂದ 2016ರ ನವೆಂಬರ್‌ನಲ್ಲಿ ಹೈಕೋರ್ಟ್ ಕಂಬಳಕ್ಕೂ ತಡೆ ಕೊಟ್ಟಿತು. ಆಮೇಲೆ ರಾಜ್ಯ ಸರ್ಕಾರ 2017ರ ತಿದ್ದುಪಡಿ ಕಾಯ್ದೆ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಈ ತಿದ್ದುಪಡಿ ಕಂಬಳ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಕ್ಕೆ ಮಾತ್ರ.

ಹಾಗಾದ್ರೆ ಕುದುರೆ ಓಟ ನಿಷೇಧವೇ?

ಅಲ್ಲ. ಆದರೆ ಜನ ಸೇರಿ ನೋಡುವ ಓಟದ ಕುದುರೆ, 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮದ ಕೆಳಗೆ ಬರುತ್ತೆ. ನೋಂದಣಿ ಮಾಡುವುದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ. ಅದರ ಕಚೇರಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಪಂಚಾಯಿತಿ ಅಥವಾ ಠಾಣೆಯ ಅನುಮತಿ ಇದೆ ಅಂದಮಾತ್ರಕ್ಕೆ ಈ ನೋಂದಣಿ ಬೇಡ ಅಂತಲ್ಲ.

ಓಟದ ದಿನ ಇವು ನೆನಪಿರಲಿ

* ಮೊಳೆ ಇರುವ ಕೋಲು, ಮುಳ್ಳಿನ ಕಡಿವಾಣ ಬಳಸುವಂತಿಲ್ಲ.
* ಗಾಯವಾದ, ಕುಂಟುವ ಕುದುರೆಯನ್ನು ಗಾಡಿಗೆ ಕಟ್ಟುವಂತಿಲ್ಲ.
* ಜೀವಕ್ಕೆ ಹಾನಿಯಾಗುವ ಮದ್ದು ಕೊಡುವುದು ಅಪರಾಧ.
* ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಎಳೆಸುವಂತಿಲ್ಲ.
* ಲಾರಿಯಲ್ಲಿ ಸಾಗಿಸುವಾಗ ಒಂದಕ್ಕೆ 4ರಿಂದ 6 ಕುದುರೆ ಮಾತ್ರ. ಪಶುವೈದ್ಯರ ಪ್ರಮಾಣಪತ್ರವೂ ಜೊತೆಗಿರಬೇಕು.

ದಂಡ ಸಣ್ಣದು, ಖರ್ಚು ದೊಡ್ಡದು

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಬರೀ 10ರಿಂದ 50 ರೂಪಾಯಿ. ಇದನ್ನೇ ಹಿಡ್ಕೊಂಡು ‘ಕಟ್ಟಿದರಾಯ್ತು ಬಿಡಿ’ ಅನ್ನುವವರಿದ್ದಾರೆ. ಆದರೆ ಕುದುರೆ ಜಪ್ತಿಯಾದರೆ ಕೇಸು ಮುಗಿಯುವ ತನಕ ಅದನ್ನು ಗೋಶಾಲೆ ಅಥವಾ ಪ್ರಾಣಿ ದಯಾ ಸಂಘದ ವಶಕ್ಕೆ ಕೊಡಬಹುದು. 2017ರ ನಿಯಮದ ಪ್ರಕಾರ ಅದರ ಮೇವು, ಔಷಧಿ ಖರ್ಚನ್ನು ಮಾಲೀಕರಿಂದಲೇ ವಸೂಲಿ ಮಾಡಲು ಅವಕಾಶವಿದೆ. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅಡಿ 5 ವರ್ಷದವರೆಗೂ ಜೈಲು.

ಬೆಟ್ಟಿಂಗ್ ವಿಷಯ

ಕುದುರೆ ರೇಸ್ ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ನಮ್ಮ ರಾಜ್ಯದಲ್ಲಿ ಬಾಜಿ ಕಟ್ಟಲು ಅವಕಾಶ ಇರುವುದು ಬೆಂಗಳೂರು, ಮೈಸೂರಿನಂಥ ಲೈಸೆನ್ಸ್ ಇರುವ ರೇಸ್ ಕೋರ್ಸ್ ಒಳಗೆ ಮಾತ್ರ. ಜಾತ್ರೆ ಮೈದಾನದ ಪಕ್ಕದ ಚಹಾ ಅಂಗಡಿಯಲ್ಲಿ ಬಾಜಿ ಕಟ್ಟಿಸಿದರೆ ಪೊಲೀಸ್ ಕಾಯ್ದೆಯಡಿ ಕೇಸು ಬೀಳುತ್ತೆ. ಬಹುಮಾನಕ್ಕೆ ದೇಣಿಗೆ ಕೊಡುವ ಅಂಗಡಿಯವರು, ನೋಂದಣಿ ಪತ್ರ ಇದೆಯಾ ಅಂತ ಕಮಿಟಿಯವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಈಗ ಓಟದ ವಿಡಿಯೊ ಸಂಜೆಯೊಳಗೆ ಎಲ್ಲರ ಮೊಬೈಲ್‌ನಲ್ಲಿರುತ್ತೆ, ಪ್ರಾಣಿ ದಯಾ ಸಂಘದವರ ಮೊಬೈಲ್‌ನಲ್ಲೂ ಇರುತ್ತೆ. ಆಗ ಮಾಲೀಕರ ಕೈ ಹಿಡಿಯುವುದು ಕಾಗದಪತ್ರ ಮತ್ತು ಗಾಯವಿಲ್ಲದ ಕುದುರೆ, ಎರಡೇ.