ಸಿಹಿ ಮೊಗೆ, ಬೆಂಕಿಪುರ ಮತ್ತು ಮಕ್ಕಳ ಕತೆಯ ‘ಅಂತೆ’

ಶಿವಮೊಗ್ಗ ಮತ್ತು ಭದ್ರಾವತಿಯ ಹೆಸರುಗಳ ಹಿಂದಿರುವ ಕತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೀರಾ? ಮಜವಾಗಿದೆ. ಶಿವಮೊಗ್ಗದ ಬಗ್ಗೆ ಜನ ಹೇಳುವ ಕತೆಗಳಲ್ಲಿ ಒಂದು ದೂರ್ವಾಸ ಮುನಿಯ ‘ಸಿಹಿ ಮೊಗೆ’ಯದು. ಮೊಗೆ ಅಂದರೆ ಗಡಿಗೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ (ವಂಕಿಪುರವೇ ಬಾಯಿಂದ ಬಾಯಿಗೆ ಹೋಗಿ ಬೆಂಕಿಪುರ ಆಯಿತು ಅನ್ನುವವರೂ ಇದ್ದಾರೆ). ಒಂದು ಊರು ನಾಲಿಗೆಗೆ, ಇನ್ನೊಂದು ಚರ್ಮಕ್ಕೆ! ಹೆಸರಿನಲ್ಲಿದ್ದ ಬೆಂಕಿ ನಿಜವಾದ ಬೆಂಕಿಯಾದದ್ದು 1923ರಲ್ಲಿ, ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗ.

ಈಗ ಇದೆಲ್ಲ ಯಾಕೆ ನೆನಪಾಯಿತು ಅಂದರೆ, ನನ್ನ ಅಕ್ಕನ ಮಗಳು ಭದ್ರಾವತಿಯಲ್ಲಿ ಎಂಟನೇ ಕ್ಲಾಸು. ಕತೆ ಪುಸ್ತಕದ ಯಾವುದೇ ಸಾಲು ತೋರಿಸಿದರೂ ಪಟ್ ಅಂತ “ಉಪಮಾಲಂಕಾರ ಮಾಮ” ಅನ್ನುತ್ತಾಳೆ. ಹೇಗೆ ಗೊತ್ತಾಯಿತು ಅಂತ ಕೇಳಿದರೆ, “ಅಂತೆ ಅಂತ ಇದೆಯಲ್ಲ!”

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇದು ಶುದ್ಧ ಸ್ಟ್ರಿಂಗ್ ಸರ್ಚ್. ಕನ್ನಡದಲ್ಲಿ ಅದು ನಡೆಯುವುದಿಲ್ಲ. “ಅವನು ಹುಲಿಯಂತೆ ಗರ್ಜಿಸಿದನಂತೆ” ಅನ್ನುವ ವಾಕ್ಯ ತಗೊಳ್ಳಿ. ಮೊದಲ ‘ಅಂತೆ’ ಹೋಲಿಕೆ, ಎರಡನೆಯದು ಯಾರೋ ಹೇಳಿದ ಸುದ್ದಿ. ಇನ್ನು “ಅವನು ಹುಲಿ” ಅಂದುಬಿಟ್ಟರೆ ಹುಡುಕಲು ಪದವೇ ಇಲ್ಲ, ಆದರೂ ಅಲಂಕಾರ ಇದೆ. ಸರ್ಚ್ ಸೋತಿತು.

ಹಾಗಂತ ನಮ್ಮ ಹಿರಿಯರು ಈ ವಿಷಯದಲ್ಲಿ ಹಿಂದುಳಿದವರೇನಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವೇ ಅಲಂಕಾರಶಾಸ್ತ್ರದ್ದು: ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’. ನೃಪತುಂಗನ ಆಸ್ಥಾನದ ಶ್ರೀವಿಜಯ, ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ಬರೆದದ್ದು. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಅನ್ನುವ ನಾಲ್ಕು ಭಾಗಗಳನ್ನು ಶಾಲೆಯಲ್ಲಿ ಇವತ್ತಿಗೂ ಕಲಿಸುತ್ತಾರೆ. ನಾಲ್ಕರಲ್ಲಿ ಪರೀಕ್ಷೆಗೆ ಸುಲಭವಾಗಿ ಸಿಗುವುದು ವಾಚಕ, ಅಂದರೆ ನಮ್ಮ ‘ಅಂತೆ’. ಕತೆಗೆ ಜೀವ ಕೊಡುವುದು ಮಾತ್ರ ಉಪಮಾನ, ಅಂದರೆ ಯಾವ ವಸ್ತುವನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು ಅನ್ನುವುದು.

ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಒಳ್ಳೆಯ ಉದಾಹರಣೆ ಇದೆ. 1842ರಲ್ಲಿ ರಾಬರ್ಟ್ ಬ್ರೌನಿಂಗ್ ಹ್ಯಾಮೆಲಿನ್ ಊರಿನ ಇಲಿಗಳ ಕಥನಕವನ ಪ್ರಕಟಿಸಿದ. ಅದನ್ನು ಬರೆದದ್ದು ಕಾಯಿಲೆ ಬಿದ್ದಿದ್ದ ವಿಲ್ಲಿ ಅನ್ನುವ ಹುಡುಗನಿಗಾಗಿ. ಹುಡುಗನಿಗೆ ಚಿತ್ರ ಬಿಡಿಸುವ ಆಸೆ, ಹಾಗಾಗಿ ಚಿತ್ರವಾಗುವಂಥ ಕತೆ ಬೇಕಿತ್ತು. ಅದರಲ್ಲಿ ನದಿಯಿಂದ ಬದುಕಿ ಬಂದ ಒಂದೇ ಒಂದು ಇಲಿ, ಕೊಳಲಿನ ದನಿ ತನಗೆ ಹೇಗೆ ಕೇಳಿಸಿತು ಅಂತ ಹೇಳಿಕೊಳ್ಳುತ್ತದೆ: ಸೇಬನ್ನು ಗಾಣಕ್ಕೆ ಹಾಕಿದ ಹಾಗೆ, ಉಪ್ಪಿನಕಾಯಿ ಪೀಪಾಯಿಯ ಮುಚ್ಚಳ ಸರಿಸಿದ ಹಾಗೆ! ಕಿವಿಗೆ ಬಿದ್ದದ್ದು ನಾಲಿಗೆಯಲ್ಲಿ ನೀರಾಯಿತು. ಇಲಿಗೆ ಬೇಕಾದ ಉಪಮಾನವನ್ನು ಇಲಿಯ ಲೋಕದಿಂದಲೇ ತಂದಿದ್ದಾನೆ.

ಇನ್ನು ನಮ್ಮ ತೀರ್ಥಹಳ್ಳಿಯ ಕುಪ್ಪಳಿಯವರಾದ ಕುವೆಂಪು (1904–1994). ಅವರ ಮೊದಲ ಸಂಕಲನ 1922ರಲ್ಲಿ ಬಂದ ಇಂಗ್ಲಿಷ್ ಕವಿತೆಗಳದ್ದು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿನ್ನ ಭಾಷೆಯಲ್ಲಿ ಬರೆ ಅಂತ ಬುದ್ಧಿ ಹೇಳಿದ ಕತೆ ನಿಮಗೆ ಗೊತ್ತಿರುತ್ತದೆ. ಆಮೇಲೆ ಅದೇ ಹ್ಯಾಮೆಲಿನ್ ಕತೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಯಿತು. ಜರ್ಮನಿಯ ವೇಸರ್ ನದಿ ಹೋಗಿ ತುಂಗೆ ಬಂದಳು. ಕೊಳಲು ಹೋಗಿ ಜೋಗಿಯ ಕಿಂದರಿ ಬಂತು. ಇಲಿಗಳಿಗೆ ಅಣ್ಣ, ತಂಗಿ, ಮಾವ, ಭಾವ ಅಂತ ನಂಟಸ್ತಿಕೆ ಬಂತು. ಬ್ರೌನಿಂಗ್‌ನಲ್ಲೂ ಇಲಿಗಳ ಸಂಸಾರ ಇದೆ, ನಿಜ. ಆದರೆ ಇಂಗ್ಲಿಷಿನ ‘ಅಂಕಲ್’ನಲ್ಲಿ ನಮ್ಮ ಮಾವನೂ ಚಿಕ್ಕಪ್ಪನೂ ಕಲಸಿಹೋಗುತ್ತಾರೆ. ಇಲಿ ‘ಭಾವ’ ಆದ ತಕ್ಷಣ ಅದು ನಮ್ಮನೆ ಜಗಲಿ ಮೇಲೆ ಬಂದು ಕೂರುತ್ತದೆ. ಅದಕ್ಕೆ ‘ಅಂತೆ’ ಬೇಕಾಗಲೇ ಇಲ್ಲ!

ಇಂದ್ರಿಯಗಳ ವಿಷಯಕ್ಕೆ ಬಂದರೆ ಕನ್ನಡ ತುಂಬಾ ಶ್ರೀಮಂತ. ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿದ್ದೆವಲ್ಲ, ಅದರ ಗಮ್ಮತ್ತು ನೋಡಿ. ಜುಳುಜುಳು ಕಿವಿಗೆ ಸರಿ. ಆದರೆ ಪಳಪಳ? ಹೊಳಪಿಗೆ ಸದ್ದೆಲ್ಲಿದೆ? ಘಮಘಮ ಮೂಗಿನದು, ಚುಮುಚುಮು ಚಳಿ ಚರ್ಮದ್ದು. ಸದ್ದೇ ಇಲ್ಲದ್ದಕ್ಕೂ ಸದ್ದು ಕೊಟ್ಟಿದ್ದೇವೆ. ಮಕ್ಕಳಿಗೆ ಓದಿ ಹೇಳುವಾಗ ಇಂಥ ಪದ ಬಂದರೆ ಒಂದು ಕ್ಷಣ ನಿಲ್ಲಿಸಿ “ಇದು ಯಾವ ಇಂದ್ರಿಯಕ್ಕೆ?” ಅಂತ ಕೇಳಿ ನೋಡಿ. ಅಲಂಕಾರದ ಹೆಸರು ಕೇಳುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕೊನೆಯದಾಗಿ ಇನ್ನೊಂದು ಪ್ರಶ್ನೆ: ಈ ಮಾತು ಯಾರ ಊರಿನದು? ‘ಮುಳುಗಿಹೋದ’ ಅಂದರೆ ಬೆಂಗಳೂರಿನಲ್ಲಿ ನಾವು ಸಾಲದಲ್ಲಿ ಮುಳುಗಿದವನನ್ನು ನೆನೆಯುತ್ತೇವೆ. ಸಾಗರದ ಕಡೆಯವರಿಗೆ ಹಾಗಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ನಿಂತಾಗ ಮನೆ, ಗದ್ದೆ, ತೋಟ ನಿಜಕ್ಕೂ ಮುಳುಗಿದವು. ಸಾಗರದ ನಾ. ಡಿಸೋಜ (1937–2025) ಮಕ್ಕಳಿಗಾಗಿ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಆ ಹೆಸರಿನ ‘ಮುಳುಗಡೆ’ಯನ್ನು ರೂಪಕ ಅಂತ ಗುರುತು ಹಾಕುವ ಮಗು ಒಂದು ಚರಿತ್ರೆಯನ್ನೇ ಕಳೆದುಕೊಳ್ಳುತ್ತದೆ.

ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ಭದ್ರಾವತಿಯ ಕಾಗದ ಕಾರ್ಖಾನೆ ಶುರುವಾದದ್ದು 1936ರಲ್ಲಿ. ಉತ್ಪಾದನೆ ನಿಂತದ್ದು 2015ರಲ್ಲಿ, ನಾನು ಪಿಯುಸಿ ಮುಗಿಸುವ ಹೊತ್ತಿಗೆ. “ಪೇಪರ್ ಟೌನ್ ಗಾಳಿ ಥರ” ಅಂದರೆ ನನ್ನ ವಯಸ್ಸಿನವರ ಮೂಗು ಈಗಲೂ ಸೊಟ್ಟಗಾಗುತ್ತದೆ. ಅಕ್ಕನ ಮಗಳಿಗೆ ಅದು ಬರೀ ನಾಲ್ಕು ಪದ. ಒಂದು ವಸ್ತು ಊರಿನಿಂದ ಹೋದರೆ ಅದರ ಜೊತೆಗಿದ್ದ ಹೋಲಿಕೆಗಳೂ ಒಂದೊಂದಾಗಿ ಸಾಯುತ್ತವೆ. ಕುಲುಮೆ, ಒರಳು, ಕಿಂದರಿ... ಪಟ್ಟಿ ನೀವೇ ಮುಂದುವರಿಸಬಹುದು.

ಹಾಗಾಗಿ ಮೊದಲು ವಸ್ತು, ಆಮೇಲೆ ಅಲಂಕಾರದ ಹೆಸರು ಅಂತ ನಾನು ತೀರ್ಮಾನ ಮಾಡಿದ್ದೇನೆ. ಮುಂದಿನ ಸಲ ಊರಿಗೆ ಹೋದಾಗ ಅವಳನ್ನು ಕೂಡಲಿಗೆ, ತುಂಗೆ ಭದ್ರೆಯರು ಸೇರುವ ಜಾಗಕ್ಕೆ, ಕರೆದುಕೊಂಡು ಹೋಗಬೇಕು. ‘ತುಂಗಾ ಪಾನ, ಗಂಗಾ ಸ್ನಾನ’ ಅನ್ನುವ ಗಾದೆಯ ರುಚಿ ನಾಲಿಗೆಗೆ ಗೊತ್ತಾಗಲಿ, ಮಾರ್ಕ್ಸು ಆಮೇಲೆ.

ನಿಮ್ಮೂರಲ್ಲಿ ಹೀಗೆ ವಸ್ತು ಹೋಗಿ ಮಾತು ಮಾತ್ರ ಉಳಿದಿರುವ ಹೋಲಿಕೆ ಯಾವುದಿದೆ? ಹೇಳಿ, ಬರೆದಿಟ್ಟುಕೊಳ್ಳೋಣ.