ನಾರಂಙ ಎಂದು ಬರೆದ ಹುಡುಗಿ

ಕಳೆದ ವರ್ಷ ಐದನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಚಿತ್ರ ನೋಡಿ ಹೆಸರು ಬರೆಯುವ ಪ್ರಶ್ನೆ. ನಿಂಬೆಹಣ್ಣಿನ ಚಿತ್ರದ ಕೆಳಗೆ ಒಬ್ಬಳು ದುಂಡಗಿನ ಅಕ್ಷರದಲ್ಲಿ ‘ನಾರಂಙ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ನಿಂಬೆ’ ಎಂದು ಬರೆದು ಅರ್ಧ ಮಾರ್ಕು ಕಳೆದೆ. ಪತ್ರಿಕೆ ಕೊಟ್ಟ ದಿನ ಅವಳು ಮೇಜಿನ ಹತ್ತಿರ ಬಂದು, “ಟೀಚರೇ, ನಮ್ಮ ಮನೆಯಲ್ಲಿ ಇದಕ್ಕೆ ನಾರಂಙ ಅಂತಲೇ ಹೇಳುವುದು. ತಪ್ಪಾ?” ಎಂದು ಕೇಳಿದಳು. “ಅದು ಮಲೆಯಾಳ, ಇದು ಕನ್ನಡ ಪರೀಕ್ಷೆ” ಎಂದೆ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಪಾಠ ಮಾಡುವವರಿಗೆ ಈ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಮಲೆಯಾಳ, ಬ್ಯಾರಿ, ಮರಾಟಿ, ಕೊಂಕಣಿ ಏನೇನೋ ಮಾತಾಡಿ, ಶಾಲೆಗೆ ಬಂದು ಕನ್ನಡ ಬರೆಯುವವರು. ಅವಳು ತಲೆ ತಗ್ಗಿಸಿ ಹೋಗಿ ಕುಳಿತಳು. ಆ ಸಂಜೆ ಬಸ್ಸಿನಲ್ಲಿ ನನಗೆ ನೆನಪಾದದ್ದು ಅಜ್ಜಿಯ ಮನೆಯ ಕಿತ್ತಳೆ ಗಿಡ.

ಅಜ್ಜಿಯ ಮನೆ ದೇಲಂಪಾಡಿ ಕಡೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯ ದಾಟಿ ಬರುವ ಪಯಸ್ವಿನಿ ಹೊಳೆ ಅಲ್ಲಿಂದ ದೂರವಿಲ್ಲ. ಅಡಿಕೆ ತೋಟದ ಬದಿಯಲ್ಲಿ ಹುಳಿ ಜಾತಿಯ ಗಿಡಗಳೆಲ್ಲ ಇದ್ದವು. ಗೊಜ್ಜಿಗೆ ಹೇರಳೆ, ಉಪ್ಪಿನಕಾಯಿಗೆ ಗಜನಿಂಬೆ, ಹಟ್ಟಿಯ ಹಿಂದೆ ಒಂದು ಚಕ್ಕೋತ, ಮತ್ತೆ ಬಾವಿಯ ಹತ್ತಿರ ಈ ಕಿತ್ತಳೆ. ಮಡಿಕೇರಿಯಿಂದ ತಂದ ಹಣ್ಣಿನ ಬೀಜ ಉಗುಳಿದ್ದು ಗಿಡವಾಯಿತು ಎಂದು ಅಜ್ಜಿ ಹೇಳುತ್ತಿದ್ದರು. ಇದರಲ್ಲಿ ಸುಳ್ಳೇನೂ ಇರಲಾರದು. ಕೊಡಗಿನವರೂ ಹಿಂದಿನಿಂದ ಬೀಜ ಹಾಕಿಯೇ ಕಿತ್ತಳೆ ಬೆಳೆಸಿದ್ದು. ಕಿತ್ತಳೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿ ಗಿಡದ ಗುಣವನ್ನೇ ಹೊತ್ತಿರುತ್ತವೆ.

ಹಣ್ಣು ಮಾತ್ರ ಎಂದೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿರಲಿಲ್ಲ. ಹಣ್ಣಾದ ಮೇಲೂ ಹಸಿರೇ. ಸಿಪ್ಪೆಗೆ ಆ ಬಣ್ಣ ಬರಲು ರಾತ್ರಿಯ ಚಳಿ ಬೇಕು, ನಮ್ಮ ಕರಾವಳಿಯ ಸೆಕೆಯಲ್ಲಿ ಅದೆಲ್ಲಿ? ಆದ್ದರಿಂದ ಅಜ್ಜಿ ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಸಿಪ್ಪೆ ಸಡಿಲವಾಗಿ ಒಳಗೆ ಟೊಳ್ಳು ಕೇಳಿದರೆ ಕೊಯ್ಯಬಹುದು. ಗಿಡದ ಬುಡದಲ್ಲೇ ನಿಂತು ಸುಲಿದರೆ ಸಿಪ್ಪೆಯ ಎಣ್ಣೆ ಕಣ್ಣಿಗೆ ಚಿಮ್ಮಿ ಉರಿ, ಮೊಣಕೈವರೆಗೆ ರಸ. ಹುಳಿಯೇ ಮುಂದೆ, ಸಿಹಿ ಆಮೇಲೆ ನಿಧಾನಕ್ಕೆ. ಪೇಟೆಯಿಂದ ತಂದ ಹಣ್ಣಿನಲ್ಲಿ ಆ ಬಿಸಿಲಿನ ಬಿಸುಪು ನನಗೆ ಸಿಕ್ಕಿದ್ದಿಲ್ಲ.

ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ ಆ ಗಿಡದ ಕಾವಲು. ಕಚ್ಚಿಸಿಕೊಳ್ಳದೆ ಒಂದು ಹಣ್ಣೂ ಕೈಗೆ ಬರುತ್ತಿರಲಿಲ್ಲ. ಬೆಂಕಿ ಹಾಕಿ ಓಡಿಸೋಣ ಎಂದರೆ ಅಜ್ಜಿ ಬಿಡರು, “ಅವು ಇದ್ದರೆ ಹುಳ ಇಲ್ಲ” ಎನ್ನುವರು. ದಕ್ಷಿಣ ಚೀನಾದಲ್ಲಿ ಇದೇ ಇರುವೆಯ ಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದರಂತೆ. ಕಿತ್ತಳೆ ಬೆಳೆಯುವವರು ಕೊಂಡು ಮರಕ್ಕೆ ಕಟ್ಟುವರು. 4ನೇ ಶತಮಾನದ್ದೆನ್ನಲಾದ ಅಲ್ಲಿನ ಒಂದು ಸಸ್ಯಗ್ರಂಥದಲ್ಲಿ ಇದರ ವಿವರ ಇದೆ. ಶಾಲೆಗೆ ಹೋಗದ ಅಜ್ಜಿಗೂ ಚೀನಾದ ಆ ರೈತರಿಗೂ ಒಂದೇ ವಿದ್ಯೆ.

ಈಗ ಆ ಹುಡುಗಿಯ ಪದಕ್ಕೆ ಬರುತ್ತೇನೆ. ಮಲೆಯಾಳದಲ್ಲಿ ಗಿಡ ‘ನಾರಗಂ’, ಕಾಯಿ ‘ನಾರಂಙ’. ಬರೇ ನಾರಂಙ ಎಂದರೆ ನಿಂಬೆ, ‘ಮಧುರನಾರಂಙ’ ಎಂದರೆ ಕಿತ್ತಳೆ. ತಮಿಳಿನಲ್ಲಿ ‘ನಾರತ್ತಂಗಾಯ್’, ತೆಲುಗಿನಲ್ಲಿ ‘ನಾರಿಂಜ’, ಸಂಸ್ಕೃತದಲ್ಲಿ ‘ನಾರಂಗ’. ಇದರ ಬೇರು ದ್ರಾವಿಡ ಭಾಷೆಗಳಲ್ಲಿದೆ, ‘ನಱು’ ಅಂದರೆ ಪರಿಮಳ ಎಂಬ ಅರ್ಥದ ಮಾತಿನಿಂದ ಬಂದದ್ದು ಎಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ನಮ್ಮ ‘ನರುಗಂಪು’ ಪದದಲ್ಲಿ ಅದು ಈಗಲೂ ಉಳಿದಿದೆ. (ಪಾಪ, ‘ನಾರುವುದು’ ಮಾತ್ರ ಹೊಸಗನ್ನಡಕ್ಕೆ ಬರುವಾಗ ದುರ್ವಾಸನೆಯಾಗಿಬಿಟ್ಟಿತು.) ಸಂಸ್ಕೃತದಿಂದ ಪರ್ಶಿಯನ್ನರಿಗೆ ‘ನಾರಂಗ್’, ಅರಬರಿಗೆ ‘ನಾರಂಜ್’, ಸ್ಪೇನಿನವರಿಗೆ ‘ನರಾಂಹಾ’, ಪೋರ್ಚುಗೀಸರಿಗೆ ‘ಲರಾಂಜ’. ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಮೊದಲಕ್ಷರ ಉದುರಿ ‘ಆರೆಂಜ್’.

ಅಂದರೆ ಆರೆಂಜ್ ಎಂದು ಬರೆದಿದ್ದರೆ ನಾನು ಬಹುಶಃ ಸುಮ್ಮನೆ ಬಿಡುತ್ತಿದ್ದೆ. ಅದರ ಅಜ್ಜಿಯಂಥ ಪದ ಬರೆದವಳಿಗೆ ಕೆಂಪು ಶಾಯಿ.

ಈ ಪದ ಒಮ್ಮೆ ನಮ್ಮ ಕಡಲ ಎದುರಿನಿಂದಲೇ ಹಾದುಹೋದದ್ದುಂಟು. ವಾಸ್ಕೋ ಡ ಗಾಮ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಗೆ ಬಂದ ಕತೆ ನಮ್ಮ ಪಠ್ಯಪುಸ್ತಕಗಳಲ್ಲಿ ಇದ್ದೇ ಇದೆ. ಹಿಂದಿರುಗಿದ ಕತೆ ಇರುವುದಿಲ್ಲ. ಆಗಸ್ಟ್ ಕೊನೆಗೆ ಕಲ್ಲಿಕೋಟೆ ಬಿಟ್ಟ ಹಡಗುಗಳು ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೋಗಿ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ತಂಗಿ, ಅಕ್ಟೋಬರ್ 5ರಂದು ಆಫ್ರಿಕದ ಕಡೆಗೆ ಹೊರಟವು. ಗಾಳಿ ಅನುಕೂಲವಿಲ್ಲದೆ ಸಮುದ್ರ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ತಿನಿಸಿಲ್ಲ. ನಾವಿಕರ ಒಸಡು ಊದಿ ಹಲ್ಲು ಮುಚ್ಚಿತು, ಕಾಲು ಊದಿತು, 30 ಮಂದಿ ಸತ್ತರು. ಹಡಗು ನಡೆಸಲು ಒಂದೊಂದರಲ್ಲಿ ಏಳೆಂಟು ಜನ ಗಟ್ಟಿ ಉಳಿದಿದ್ದರು. ಇದೇ ಸ್ಕರ್ವಿ ರೋಗ. ಹೋಗುವಾಗ 1498ರ ಏಪ್ರಿಲ್‌ನಲ್ಲಿ ಮೊಂಬಾಸದ ಅರಸ ಕಳಿಸಿದ ಕಿತ್ತಳೆ, ನಿಂಬೆ, ಕಬ್ಬು ತಿಂದಿದ್ದ ನೆನಪು ಅವರಲ್ಲಿತ್ತು. ಆದ್ದರಿಂದ 1499ರ ಜನವರಿ 7ರಂದು ಮಾಲಿಂದಿ ಮುಟ್ಟಿದಾಗ ದಡಕ್ಕೆ ಆಳು ಕಳಿಸಿ ಮೊದಲು ತರಿಸಿದ ವಸ್ತುಗಳಲ್ಲಿ ಕಿತ್ತಳೆಯೂ ಒಂದು. ರೋಗಿಗಳು ಅದಕ್ಕಾಗಿ ಹಂಬಲಿಸುತ್ತಿದ್ದರು ಎಂದು ಆ ಯಾನದ ದಿನಚರಿ ಹೇಳುತ್ತದೆ. ಆದರೆ ಹೊತ್ತು ಮೀರಿತ್ತು, ಅಲ್ಲೂ ಹಲವರು ಸತ್ತರು. ಮೆಣಸು, ದಾಲ್ಚಿನ್ನಿ ಹೊತ್ತ ಹಡಗಿನಲ್ಲಿ ಸಾಯುವವನು ಬೇಡಿದ್ದು ‘ಲರಾಂಜ’. ನಮ್ಮ ತೀರದವರ ‘ನಾರಂಙ’ ಅವನ ಬಾಯಲ್ಲಿ ಹಾಗೆ ಹೊರಟಿತು.

ಕಂಡದ್ದನ್ನೂ ಮರೆಯುವುದು ಮನುಷ್ಯ ಸ್ವಭಾವ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಜೋಡಿ ಜೋಡಿ ಮಾಡಿ ಬೇರೆ ಬೇರೆ ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಆರೇ ದಿನಕ್ಕೆ ಚೇತರಿಸಿಕೊಂಡರು. ಆದರೂ ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ತೊಡಗಿದ್ದು 1795ರಲ್ಲಿ. ಆ ನಡುವೆ ಸತ್ತವರ ಲೆಕ್ಕ ಬೇರೆ.

ಪೋರ್ಚುಗೀಸರು ವ್ಯಾಪಾರ ಮಾಡಿ ಹರಡಿದ ಸಿಹಿ ಕಿತ್ತಳೆಗೆ ಅರಬರು ಅವರ ದೇಶದ ಹೆಸರನ್ನೇ ಇಟ್ಟರು. ಗಲ್ಫಿನಲ್ಲಿರುವ ನಮ್ಮೂರ ಹುಡುಗರು ಅಂಗಡಿಯಲ್ಲಿ ‘ಬುರ್ತುಖಾಲ್’ ಎಂದು ಕೇಳುತ್ತಾರಲ್ಲ, ಅದು ಪೋರ್ಚುಗಲ್ಲೇ. ಮುಸಂಬಿಯ ಹೆಸರಿನಲ್ಲಿ ಮೊಜಾಂಬಿಕ್ ಇದೆ. ಚಕ್ಕೋತಕ್ಕೆ ಮಲೆಯಾಳಿಗರು ‘ಬಬ್ಲೂಸ್’, ತಮಿಳರು ‘ಬಂಬಳಿಮಾಸು’ ಎನ್ನುವುದು ಡಚ್ಚರ ‘ಪೊಂಪೆಲ್‌ಮೂಸ್’ನಿಂದ. ಅದೇ ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ‘ನಾರಗಂ’ ಎಂಬ ಹೆಸರು ಹೊತ್ತ ಗಿಡಗಳಿವೆ. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರು.

ಒಂದು ಗಾದೆಯನ್ನು ಮಾತ್ರ ನಾನು ಒಪ್ಪಲಾರೆ. ನಾರಗ ನೆಟ್ಟ ಜಾಗವೂ ಹೆಂಗಸು ಆಟವಾಡಿದ ಜಾಗವೂ ಹಾಳು ಎಂಬರ್ಥದ ಮಾತು ಮಲೆಯಾಳದಲ್ಲಿದೆ. ಅಜ್ಜಿ ಎರಡನ್ನೂ ಮಾಡಿದವರು, ಮನೆ ನಡೆದದ್ದು ಅವರಿಂದಲೇ.

ನಾನು ಟಿಸಿಎಚ್ ಓದುತ್ತಿದ್ದಾಗ ಒಂದು ರಜೆಯಲ್ಲಿ ಹೋದರೆ ಬಾವಿಕಟ್ಟೆಯ ಬಳಿ ಬರೇ ಕುತ್ತಿ ಇತ್ತು. ಎಲೆ ಹಳದಿಯಾಗಿ, ಹಣ್ಣು ಸಣ್ಣದಾಗಿ ಸೊಟ್ಟಗಾಗಿ, ಗೆಲ್ಲು ತುದಿಯಿಂದ ಒಣಗುತ್ತಾ ಬಂತಂತೆ. ಕೊಡಗಿನ ಕಿತ್ತಳೆ ತೋಟಗಳನ್ನು ಬರಿದು ಮಾಡಿದ್ದೂ ಇಂಥವೇ ರೋಗಗಳು. ಒಂದು ‘ಗ್ರೀನಿಂಗ್’, ಸಣ್ಣ ಹಾರುವ ಕೀಟದಿಂದ ಹರಡುವ ಬ್ಯಾಕ್ಟೀರಿಯಾದ್ದು. ಇನ್ನೊಂದು ‘ಟ್ರಿಸ್ಟೆಜಾ’ ಎಂಬ ವೈರಸ್. ಪೋರ್ಚುಗೀಸಿನಲ್ಲಿ ಆ ಪದಕ್ಕೆ ದುಃಖ ಎಂದೇ ಅರ್ಥ. 2005-06ರಲ್ಲಿ ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟು ಹೊತ್ತಿಗೆ ಕಾಫಿ ತೋಟಗಳ ನಡುವಿನ ಕಿತ್ತಳೆ ಮರಗಳು ಬಹಳಷ್ಟು ಹೋಗಿ ಆಗಿತ್ತು. “ಬೇರೆ ಬೀಜ ಹಾಕುವ ಅಜ್ಜಿ” ಎಂದಿದ್ದೆ. “ಫಲ ಬರಲು ಏಳೆಂಟು ವರ್ಷ ಬೇಕು, ಕೊಯ್ಯುವವರು ಯಾರಿದ್ದೀರಿ ಇಲ್ಲಿ?” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಮರುದಿನ ಐದನೇ ತರಗತಿಯಲ್ಲಿ ಕನ್ನಡ ಪಾಠ ಬಿಟ್ಟು ಇದಿಷ್ಟನ್ನೂ ಹೇಳಿದೆ. ಗಾಮನ ಹಡಗು, ಕೆಂಪಿರುವೆ, ಬುರ್ತುಖಾಲ್ ಎಲ್ಲ. ಅಪ್ಪ ದುಬಾಯಿಯಲ್ಲಿರುವ ಹುಡುಗನೊಬ್ಬ ತನಗೆ ಆ ಪದ ಗೊತ್ತು ಎಂದು ಎದ್ದು ನಿಂತ. ತುಳುವಿನಲ್ಲಿ, ಕೊಂಕಣಿಯಲ್ಲಿ ಏನೆನ್ನುತ್ತಾರೆ ಎಂದು ಕಪ್ಪುಹಲಗೆಯ ತುಂಬ ಬರೆದೆವು. ನಾರಂಙದ ಹುಡುಗಿ ಕೊನೆಯವರೆಗೂ ಸುಮ್ಮನೆ ಕೇಳಿದಳು. ಗಂಟೆ ಹೊಡೆದ ಮೇಲೆ ಚೀಲದಿಂದ ಆ ಉತ್ತರ ಪತ್ರಿಕೆ ತೆಗೆದು ತಂದು ಮೇಜಿನ ಮೇಲಿಟ್ಟಳು.

“ಹಾಗಾದರೆ ನನ್ನ ಅರ್ಧ ಮಾರ್ಕು, ಟೀಚರೇ?”